ನೇರಳೆಯ ಮದ್ದು, ಮದ್ದಿನ ಮಿತಿ

ಈ ಸ್ಮರಣ ಸಂಪುಟಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ವಚನಸಾಹಿತ್ಯವನ್ನೋ ಹಳಗನ್ನಡ ಕಾವ್ಯವನ್ನೋ ಕುರಿತು ನಾಲ್ಕು ಮಾತು ಬರೆಯುವುದೆಂದು ಮೊದಲು ಎಣಿಸಿದ್ದೆ. ಕನ್ನಡ ಪಂಡಿತನಿಂದ ಓದುಗರು ನಿರೀಕ್ಷಿಸುವುದೂ ಅದನ್ನೇ. ಆದರೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಈ ವರ್ಷ ಅಂಗಳದ ಪಶ್ಚಿಮ ಭಾಗದಲ್ಲಿ ಔಷಧಿವನವೊಂದನ್ನು ನಿರ್ಮಿಸಿಕೊಡಲು ಮುಂದೆ ಬಂದಿದ್ದಾರೆ. ಸಂತೋಷದ ಸಂಗತಿ. ಅಲ್ಲಿ ಮೊದಲಿನಿಂದಲೂ ಇರುವ ನೇರಳೆಯ ಮರದ ಬುಡದಲ್ಲಿ ವನದ ಮೊದಲ ಫಲಕ ನಿಲ್ಲಬೇಕೆಂದೂ, ಅದರ ಮೇಲೆ ‘ಮಧುಮೇಹಕ್ಕೆ ರಾಮಬಾಣ’ ಎಂದು ದೊಡ್ಡಕ್ಷರಗಳಲ್ಲಿ ಬರೆಸಬೇಕೆಂದೂ ಸಲಹೆಯಾಗಿದೆ. ಒಕ್ಕಣೆಯನ್ನು ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತು. ಹಾಳೆಯಲ್ಲಿ ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಆದರೂ ಅದಕ್ಕೆ ಒಪ್ಪಿಗೆಯ ಸಹಿ ಹಾಕಲು ನನ್ನ ಕೈ ಏಳಲಿಲ್ಲ. ಆ ಕಾರಣವನ್ನು ಸಹೋದ್ಯೋಗಿಗಳ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮುಂದೆ ಅರಿಕೆ ಮಾಡಿಕೊಳ್ಳುವುದೇ ಈ ಲೇಖನದ ಉದ್ದೇಶ.

ನೇರಳೆಯನ್ನು ನಾನು ಕಡೆಗಣಿಸುತ್ತಿದ್ದೇನೆಂದು ಯಾರೂ ಭಾವಿಸಬಾರದು. ಬಿಟ್ಟಂಗಾಲದ ಸುತ್ತಿನ ತೋಟಗಳಲ್ಲಿಯೂ ಬಾಣೆಗಳಲ್ಲಿಯೂ ಈ ಮರವನ್ನು ಕಾಣದವರಿಲ್ಲ. ಮುಂಗಾರಿಗೆ ಮುಂಚಿನ ದಿನಗಳಲ್ಲಿ ಹಣ್ಣು ಮಾಗಿ ಉದುರಿ, ನೆಲವೂ ಮಕ್ಕಳ ನಾಲಗೆಯೂ ಒಂದೇ ಬಣ್ಣವಾಗುತ್ತವೆ. ಆ ಬಣ್ಣಕ್ಕೆ ಕನ್ನಡದಲ್ಲಿ ಬೇರೆ ಹೆಸರೇ ಹುಟ್ಟಲಿಲ್ಲ. ಹಣ್ಣಿನ ಹೆಸರೇ ಬಣ್ಣದ ಹೆಸರಾಯಿತು. ತೆಲುಗಿನವರು ನೇರೇಡು ಎನ್ನುತ್ತಾರೆ, ತಮಿಳರು ನಾವಲ್ ಎನ್ನುತ್ತಾರೆ, ನಮ್ಮ ಗಡಿಯಾಚೆಯ ಮಲೆಯಾಳಿಗಳು ಞಾವಲ್ ಎನ್ನುತ್ತಾರೆ. ಸಂಸ್ಕೃತದಲ್ಲಿ ಜಂಬೂ. ಪುರಾಣಗಳು ನಮ್ಮ ಭೂಖಂಡವನ್ನೇ ಈ ಮರದ ಹೆಸರಿನಿಂದ ಜಂಬೂದ್ವೀಪವೆಂದು ಕರೆದವು. ತಿರುಚಿರಾಪಳ್ಳಿಯ ಬಳಿಯ ತಿರುವಾನೈಕಾವಿನಲ್ಲಿ ಶಿವನು ಜಂಬುಕೇಶ್ವರನಾಗಿ ನೆಲೆಸಿರುವುದೂ ಇದೇ ಮರದ ಕೆಳಗೆ. ಪಂಚಭೂತ ಲಿಂಗಗಳಲ್ಲಿ ಅದು ಜಲಲಿಂಗ. ಶಿವಭಕ್ತರಿಗೆ ಬಿಲ್ವದಷ್ಟಲ್ಲದಿದ್ದರೂ ನೇರಳೆಯೂ ಪೂಜ್ಯವೇ.

ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ದೊಡ್ಡ ಹಣ್ಣಿನ ಜಂಬುನೇರಳೆ, ಸಣ್ಣ ಹಣ್ಣಿನ ನಾಯಿನೇರಳೆ, ಹಿತ್ತಲುಗಳಲ್ಲಿ ಗುಲಾಬಿಯ ಕಂಪು ಬೀರುವ ಪನ್ನೇರಳೆ, ಇವೆಲ್ಲ ಬಂಧುಗಳು. ರೇಷ್ಮೆಹುಳುವಿಗೆ ಹಾಕುವ ಹಿಪ್ಪುನೇರಳೆ ಮಾತ್ರ ಹೆಸರಿಗೆ ನೆಂಟ, ಕುಲವೇ ಬೇರೆ. ಸುಶ್ರುತನೂ ಜಂಬೂದ್ವಯವೆಂದು ಎರಡು ಬಗೆಯನ್ನು ಎಣಿಸುತ್ತಾನೆ. ನೇರಳೆ ಎಂಬ ಒಂದು ಮಾತನ್ನು ಕೇಳಿದೊಡನೆ ಸಿಕ್ಕಿದ ಎಲೆಯನ್ನು ಕಿತ್ತು ಕಷಾಯಕ್ಕಿಡುವವನು ಮೊದಲ ಹೆಜ್ಜೆಯಲ್ಲಿಯೇ ಎಡವಬಹುದು.

ಇನ್ನು ಮದ್ದಿನ ಮಾತು. ಚರಕಸಂಹಿತೆಯ ಸೂತ್ರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಐವತ್ತು ಮಹಾಕಷಾಯಗಳನ್ನು, ಒಂದೊಂದರಲ್ಲಿ ಹತ್ತು ದ್ರವ್ಯಗಳಂತೆ, ವಿಂಗಡಿಸಿದೆ. ಅವುಗಳಲ್ಲಿ ಮೂರು ಗುಂಪುಗಳಲ್ಲಿ ಜಂಬುವಿಗೆ ಸ್ಥಾನವಿದೆ. ವಾಂತಿಯನ್ನು ನಿಲ್ಲಿಸುವ ಗುಂಪಿನಲ್ಲಿ ನೇರಳೆಯ ಮತ್ತು ಮಾವಿನ ಚಿಗುರುಗಳು ಜೊತೆಯಾಗಿ ಬರುತ್ತವೆ. ಮಲದ ಕೆಟ್ಟ ಬಣ್ಣವನ್ನು ಸರಿಪಡಿಸುವ ಗುಂಪಿನಲ್ಲಿ ಮತ್ತೆ ಜಂಬು. ಅತಿಯಾಗಿ ಹೋಗುವ ಮೂತ್ರವನ್ನು ಹಿಡಿದು ನಿಲ್ಲಿಸುವ ಗುಂಪಿನಲ್ಲಿ ಆಲ, ಅರಳಿ, ಅತ್ತಿಗಳ ಸಂಗಡ ಮೂರನೆಯ ಬಾರಿ ಜಂಬು.

ನಮ್ಮ ಮನೆಗಳಲ್ಲಿ ಅಜ್ಜಿಯರು ಮಾಡುತ್ತಿದ್ದುದಕ್ಕೂ ಇದಕ್ಕೂ ದೂರವಿಲ್ಲ. ಹೊಟ್ಟೆ ತೊಳೆಸಿ ವಾಂತಿಯಾದರೆ ನೇರಳೆ ಮತ್ತು ಮಾವಿನ ಕೆಂಪು ಚಿಗುರನ್ನು ನೀರಿನಲ್ಲಿ ಕುದಿಸಿ, ಆರಿಸಿ, ಜೇನು ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತಿದ್ದರು. ಭೇದಿಯಾದರೆ ಚಿಗುರನ್ನು ಅರೆದು ಮಜ್ಜಿಗೆಯಲ್ಲಿ ಕದಡಿ ಕೊಡುತ್ತಿದ್ದರು. ಬಾಯಿಹುಣ್ಣಾದರೆ, ವಸಡಿನಲ್ಲಿ ರಕ್ತ ಒಸರಿದರೆ ತೊಗಟೆಯ ಕಷಾಯದಿಂದ ಬಾಯಿ ಮುಕ್ಕಳಿಸುವುದು. ವ್ರಣವನ್ನು ತೊಳೆಯುವುದಕ್ಕೂ ಅದೇ ಕಷಾಯ. ಹಣ್ಣನ್ನು ಬರಿ ಹೊಟ್ಟೆಯಲ್ಲಿ ತಿನ್ನಬಾರದು, ಉಪ್ಪು ಹಾಕಿ ತಿನ್ನಬೇಕು, ತಿಂದ ಮೇಲೆ ಹಾಲು ಕುಡಿಯಬಾರದು ಎಂಬ ಕಟ್ಟಳೆಗಳೂ ಇದ್ದವು. ವರ್ಷಕ್ಕೊಮ್ಮೆಯಾದರೂ ನೇರಳೆ ತಿಂದರೆ ಹೊಟ್ಟೆಗೆ ಸೇರಿದ ಕೂದಲು ಕರಗಿಹೋಗುತ್ತದೆಂಬ ನಂಬಿಕೆಯೂ ಇತ್ತು. ಕೂದಲು ಕರಗುವ ವಸ್ತುವಲ್ಲ. ಆದರೆ ಆ ನಂಬಿಕೆಯ ನೆವದಿಂದ ಮಕ್ಕಳು ಹಣ್ಣು ತಿಂದರೆ ನಷ್ಟವೇನೂ ಇಲ್ಲ.

ಈ ಎಲ್ಲ ಉಪಯೋಗಗಳ ಹಿಂದೆ ಒಂದೇ ಗುಣವಿದೆ; ಅದು ಒಗರು. ಸಂಸ್ಕೃತದ ‘ಕಷಾಯ’ ಎಂಬ ಮಾತಿಗೆ ಕುದಿಸಿದ ಮದ್ದು ಎಂಬ ಅರ್ಥವಿರುವಂತೆ ಒಗರು ರುಚಿ ಎಂಬ ಅರ್ಥವೂ ಉಂಟು. ನೇರಳೆಯನ್ನು ತಿಂದಾಗ ನಾಲಗೆ ಬಿಗಿದುಕೊಳ್ಳುತ್ತದೆ, ಗಂಟಲು ಹಿಡಿದುಕೊಳ್ಳುತ್ತದೆ. ರಸಾಯನಶಾಸ್ತ್ರದವರು ಅದಕ್ಕೆ ಟ್ಯಾನಿನ್ ಎಂಬ ಪದಾರ್ಥ ಕಾರಣವೆನ್ನುತ್ತಾರೆ. ನಮ್ಮ ವೈದ್ಯರು ಒಗರಿನ ಸ್ವಭಾವವೇ ಹರಿಯುವುದನ್ನು ತಡೆಯುವುದು ಎಂದರು. ವಾಂತಿ, ಭೇದಿ, ರಕ್ತ, ಮೂತ್ರ, ಇವುಗಳಲ್ಲಿ ಯಾವುದು ಮಿತಿಮೀರಿ ಹರಿದರೂ ಒಗರು ದ್ರವ್ಯಗಳನ್ನು ನೆನೆದರು. ಈ ಒಂದು ಸೂತ್ರವನ್ನು ವಿದ್ಯಾರ್ಥಿಗಳಿಗೆ ತಿಳಿಸಿಕೊಟ್ಟರೆ ನೇರಳೆಯ ಮದ್ದಿನ ಮುಕ್ಕಾಲು ಪಾಲು ಅವರಿಗೆ ತಿಳಿದಂತೆ.

ಮಿತಿಯೂ ಇಲ್ಲಿಯೇ ಕಾಣಬೇಕು. ಭೇದಿಯಾದ ಮಗುವಿಗೆ ಅಪಾಯ ಬರುವುದು ಮುಖ್ಯವಾಗಿ ಮೈಯ ನೀರೂ ಲವಣವೂ ಹೊರಟುಹೋಗುವುದರಿಂದ. ಚಿಗುರಿನ ಮಜ್ಜಿಗೆ ಭೇದಿಯನ್ನು ತಗ್ಗಿಸಬಹುದು. ಹೋದ ನೀರನ್ನು ಅದು ತುಂಬಿಕೊಡಲಾರದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹಬ್ಬಿದಾಗ, ಬನಗಾಂವ್‌ನಲ್ಲಿ ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಸಕ್ಕರೆ, ಸೋಡಾ ಬೆರೆಸಿದ ನೀರನ್ನು ಕುಡಿಸಿ ಅಸಂಖ್ಯಾತರನ್ನು ಉಳಿಸಿದರು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಬಂದಿತು. ಇಂದು ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣ ಅದೇ. ಮನೆಯಲ್ಲಿ ನೇರಳೆಯ ಚಿಗುರೂ ಇರಲಿ. ಆದರೆ ಮೊದಲು ಕೊಡಬೇಕಾದುದು ಆ ನೀರು.

ಈಗ ಫಲಕದ ಮಾತಿಗೆ ಬರುತ್ತೇನೆ. ಮಧುಮೇಹಕ್ಕೆ ನೇರಳೆಯ ಬೀಜ ಎಂಬ ಮಾತು ಎಲ್ಲಿಂದ ಬಂದಿತು? ಅತಿಮೂತ್ರವನ್ನು ತಡೆಯುವ ಗುಂಪಿನಲ್ಲಿ ಜಂಬು ಇರುವುದನ್ನು ಮೇಲೆ ಹೇಳಿದೆ. ಮಧುಮೇಹಿಗೆ ಮೂತ್ರ ಹೆಚ್ಚು. ಆದ್ದರಿಂದ ವೈದ್ಯರು ಇತರ ಅನೇಕ ದ್ರವ್ಯಗಳ ಜೊತೆಗೆ ನೇರಳೆಯನ್ನೂ ಪ್ರಮೇಹಕ್ಕೆ ಕೊಟ್ಟರು. ಭಾರತದಿಂದ ಹೋದ ಈ ಬೀಜವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪಿನ ವೈದ್ಯರೂ ಪ್ರಯೋಗಿಸಿ ನೋಡಿದರು. ಆಗ ಅವರ ಬಳಿ ಇದಕ್ಕಿಂತ ಮೇಲಾದುದು ಇರಲಿಲ್ಲ. ಇನ್ಸುಲಿನ್ ಕಂಡುಹಿಡಿದುದು 1921ರಲ್ಲಿ, ಕೆನಡಾದ ಟೊರಾಂಟೊ ನಗರದಲ್ಲಿ. ಮರುವರ್ಷದ ಜನವರಿಯಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಅದನ್ನು ಮೊದಲ ಬಾರಿಗೆ ಚುಚ್ಚಿದರು. ಬಾಲ್ಯದಲ್ಲಿ ಈ ರೋಗ ಬಂದವರು ಅದಕ್ಕೆ ಮುಂಚೆ ಹೆಚ್ಚು ಕಾಲ ಬದುಕುತ್ತಿರಲಿಲ್ಲ. ನೇರಳೆಯ ಬೀಜ ಆಗಲೂ ಇತ್ತು ಎಂಬುದನ್ನು ಮರೆಯಬಾರದು.

ಚರಕನ ಮಾತನ್ನು ಪೂರ್ತಿಯಾಗಿ ನೋಡಿದರೆ ಇನ್ನೊಂದು ವಿಷಯ ಹೊಳೆಯುತ್ತದೆ. ಆತ ಇಪ್ಪತ್ತು ಪ್ರಮೇಹಗಳನ್ನು ಹೇಳುತ್ತಾನೆ. ಹತ್ತು ಕಫದವು, ಸಾಧ್ಯ. ಆರು ಪಿತ್ತದವು, ಔಷಧಿಯಿಂದ ಹಿಡಿತದಲ್ಲಿಡಬಹುದಾದವು. ನಾಲ್ಕು ವಾತದವು, ಅಸಾಧ್ಯ. ಮಧುಮೇಹವು ಈ ಕೊನೆಯ ನಾಲ್ಕರಲ್ಲಿ ಸೇರಿದೆ. ಅದೇ ಸೂತ್ರಸ್ಥಾನದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಯಾವ ಯಾವ ಕೆಲಸಕ್ಕೆ ಯಾವ ಯಾವ ವಸ್ತು ಅಗ್ರಗಣ್ಯವೆಂಬ ಪಟ್ಟಿಯಿದೆ. ವಾತವನ್ನು ಹೆಚ್ಚಿಸುವವುಗಳಲ್ಲಿ ಅಗ್ರಸ್ಥಾನ ಯಾವುದಕ್ಕೆ? ಜಾಂಬವಕ್ಕೆ, ಎಂದರೆ ನೇರಳೆಯ ಹಣ್ಣಿಗೆ. ವಾತದಿಂದ ಬಂದ ಅಸಾಧ್ಯ ರೋಗವೆಂದು ಯಾವ ಗ್ರಂಥ ಮಧುಮೇಹವನ್ನು ಕರೆಯಿತೋ, ಅದೇ ಗ್ರಂಥ ವಾತವನ್ನು ಎಲ್ಲಕ್ಕಿಂತ ಹೆಚ್ಚಿಸುವ ಹಣ್ಣೆಂದು ನೇರಳೆಯನ್ನು ಕರೆದಿದೆ. ಹಣ್ಣಿನ ಗುಣ ಬೇರೆ, ಬೀಜದ ಗುಣ ಬೇರೆ ಎಂದು ಆಯುರ್ವೇದ ವೈದ್ಯರು ಹೇಳಬಹುದು, ಒಪ್ಪೋಣ. ಹಾಗಿದ್ದರೂ ಯಾವ ಭಾಗ, ಯಾವ ಅವಸ್ಥೆಗೆ, ಯಾವುದರ ಜೊತೆಗೆ ಎಂಬ ವಿವೇಚನೆ ಬೇಕಾಯಿತಲ್ಲವೇ? ರಾಮಬಾಣ ಎಂಬ ಒಂದೇ ಪದದಲ್ಲಿ ಅದಕ್ಕೆ ಎಡೆಯೆಲ್ಲಿದೆ?

ಈ ವಿವೇಚನೆ ನನಗೆ ಮೊದಲಿನಿಂದ ಇತ್ತೆಂದು ಹೇಳಿಕೊಂಡರೆ ಸುಳ್ಳಾದೀತು. ನನ್ನೊಡನೆ ಬಹುಕಾಲ ಪಾಠ ಹೇಳಿದ ಗಣಿತದ ಉಪಾಧ್ಯಾಯರೊಬ್ಬರಿದ್ದರು. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಅಧ್ಯಾಪಕರ ಕೊಠಡಿಯಲ್ಲಿ ಅವರು, “ಪಂಡಿತರೇ, ಸಕ್ಕರೆ ಕಾಯಿಲೆಗೆ ನೇರಳೆಬೀಜ ಒಳ್ಳೆಯದಂತೆ. ನಿಮ್ಮ ಶಾಸ್ತ್ರದಲ್ಲಿ ಹಾಗೆ ಇದೆಯೇ?” ಎಂದು ಕೇಳಿದರು. ಯಾರಾದರೂ ಶಾಸ್ತ್ರವನ್ನು ಕೇಳಿದರೆ ಉಬ್ಬುವ ಸ್ವಭಾವ ನಮ್ಮಂಥವರದು. ಮಹಾಕಷಾಯದ ಶ್ಲೋಕಭಾಗವನ್ನು ಹೇಳಿ, ಅರ್ಥವಿವರಿಸಿ, ಋಷಿಗಳು ಅಂದೇ ಕಂಡುಕೊಂಡಿದ್ದರೆಂದು ಮುಗಿಸಿದೆ. ಇಪ್ಪತ್ತೈದನೆಯ ಅಧ್ಯಾಯ ನನಗೆ ನೆನಪಾಗಲಿಲ್ಲ. ಅಸಾಧ್ಯವೆಂಬ ಮಾತು ನೆನಪಿದ್ದರೂ ಆಡಲಿಲ್ಲ. ರೋಗಿಯ ಮುಂದೆ ಆಡುವ ಮಾತಲ್ಲವೆಂದು ತೋರಿತು.

ಅವರು ವೈದ್ಯರ ಮಾತ್ರೆಗಳನ್ನು ಬಿಟ್ಟುಬಿಟ್ಟರೆಂಬುದು ನಮಗಾರಿಗೂ ತಿಳಿಯಲಿಲ್ಲ. ಬೀಜವನ್ನು ಒಣಗಿಸಿ ಪುಡಿಮಾಡಿ, ಮುಗಿದಾಗ ಅಂಗಡಿಯ ಪೊಟ್ಟಣ ತಂದು, ದಿನವೂ ಚಮಚ ಚಮಚವಾಗಿ ನುಂಗುತ್ತಿದ್ದರಂತೆ. ಮಳೆಗಾಲದಲ್ಲಿ ಬೂಟು ಉಜ್ಜಿ ಕಾಲಿನಲ್ಲಿ ಒಂದು ಗಾಯವಾಯಿತು. ನೋವು ತಿಳಿಯಲಿಲ್ಲ, ಆ ರೋಗದ ಕ್ರೌರ್ಯವೇ ಅದು, ಪಾದದ ಅರಿವನ್ನು ಕಸಿದುಕೊಳ್ಳುತ್ತದೆ. ಮೈಸೂರಿಗೆ ಕರೆದೊಯ್ಯುವ ಹೊತ್ತಿಗೆ ಕಾಲು ಕಪ್ಪಾಗಿತ್ತು. ಮೊದಲು ಎರಡು ಬೆರಳು, ಆಮೇಲೆ ಮೊಣಕಾಲಿನ ಕೆಳಗಿನ ಭಾಗ ಹೋಯಿತು. ಕಪ್ಪುಹಲಗೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತ ಪಾಠ ಹೇಳುತ್ತಿದ್ದವರು ಅವರು. ಅನಂತರ ತರಗತಿಗೆ ಬರಲಿಲ್ಲ.

ನಾನು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. “ನಿಮ್ಮದೇನೂ ಇಲ್ಲ ಪಂಡಿತರೇ. ಮಾತ್ರೆ ನುಂಗಿ ನುಂಗಿ ಬೇಸತ್ತಿದ್ದೆ. ಬಿಡುವುದಕ್ಕೆ ಒಂದು ನೆವ ಬೇಕಿತ್ತು,” ಎಂದರು. ಈ ಸಂಗತಿಯನ್ನು ಹೆಸರು ಹೇಳದೆ ಬರೆಯಲು ಅವರೇ ಅನುಮತಿ ಕೊಟ್ಟಿದ್ದಾರೆ. ಅವರ ಮಾತಿನಿಂದ ನನ್ನ ಭಾರ ಇಳಿಯಲಿಲ್ಲ, ಹೆಚ್ಚಿತು. ನೆವ ಬೇಕಾದವನಿಗೆ ನೆವವನ್ನು ಒದಗಿಸಿದವನು ನಾನು. ಅವರು ನಂಬಿದುದು ನೇರಳೆಯನ್ನಲ್ಲ, ಪಂಡಿತನ ಬಾಯನ್ನು. ನಾಳೆ ಶ್ರೀಮಠದ ಶಾಲೆಯ ಅಂಗಳದಲ್ಲಿ, ಪೂಜ್ಯರ ಸಾನ್ನಿಧ್ಯದಲ್ಲಿ ಅನಾವರಣಗೊಂಡ ಕಲ್ಲಿನ ಫಲಕವೇ ‘ರಾಮಬಾಣ’ ಎಂದು ಹೇಳಿದರೆ, ಅದನ್ನು ನಂಬುವವರು ಎಷ್ಟು ಮಂದಿಯಾದಾರು! ನಮ್ಮ ದೇಶದಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆ 2023ರಲ್ಲಿ ಪ್ರಕಟಿಸಿತು. ಮಕ್ಕಳನ್ನು ಶಾಲೆಗೆ ಬಿಡಲು ಬರುವ ತಂದೆ ತಾಯಿಗಳಲ್ಲಿಯೂ ಅಜ್ಜ ಅಜ್ಜಿಯರಲ್ಲಿಯೂ ಅವರಿದ್ದೇ ಇರುತ್ತಾರೆ.

ಪರೀಕ್ಷೆ ಮಾಡಿ ನೋಡಿದವರು ಏನು ಹೇಳುತ್ತಾರೆ? ನೇರಳೆಯ ಮರ ನಮ್ಮ ಕಡೆಯಿಂದ ಬ್ರೆಜಿಲ್ ದೇಶಕ್ಕೂ ಹೋಗಿ ನೆಲೆಸಿದೆ. ಅಲ್ಲಿಯ ಜನರೂ ಸಕ್ಕರೆ ಕಾಯಿಲೆಗೆ ಅದರ ಎಲೆಯ ಕಷಾಯ ಕುಡಿಯುತ್ತಾರೆ. ಅಲ್ಲಿನ ವೈದ್ಯ ವಿಜ್ಞಾನಿಗಳು ರೋಗಿಗಳನ್ನು ಗುಂಪುಮಾಡಿ, ಕೆಲವರಿಗೆ ಕಷಾಯವನ್ನೂ ಕೆಲವರಿಗೆ ರೂಢಿಯ ಮಾತ್ರೆಯನ್ನೂ ಕೊಟ್ಟು, ಯಾರಿಗೆ ಯಾವುದೆಂದು ತಿಳಿಯದಂತೆ ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾತ್ರೆಯಿಂದ ಸಕ್ಕರೆ ಇಳಿಯಿತು. ಎಲೆಯ ಕಷಾಯದಿಂದ ಇಳಿಯಲಿಲ್ಲ. ಬೀಜದ ವಿಷಯ ಬೇರೆ. ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಬೀಜದ ಪುಡಿ ರಕ್ತದ ಸಕ್ಕರೆಯನ್ನು ತಗ್ಗಿಸಿದುದುಂಟು. ಆದರೆ ವೈದ್ಯರ ಔಷಧಿಯನ್ನು ಬಿಟ್ಟು ಇದೊಂದನ್ನೇ ನೆಚ್ಚಬಹುದೆಂದು ಮನುಷ್ಯರಲ್ಲಿ ಸಿದ್ಧವಾಗಿಲ್ಲ. ಭಾರತದ ಆಯುರ್ವೇದ ಔಷಧಕೋಶವು ಬೀಜದ ಪುಡಿಗೆ 3ರಿಂದ 6 ಗ್ರಾಂ ಎಂಬ ಅಳತೆಯನ್ನು ನಿಗದಿಮಾಡಿದೆ. ಶಾಸ್ತ್ರೀಯ ವೈದ್ಯಕ್ಕೆ ಅಳತೆಯುಂಟು; ಚಮಚ ಚಮಚವಾಗಿ ನುಂಗುವ ಭಕ್ತಿಗೆ ಅಳತೆಯಿಲ್ಲ. ಮಾತ್ರೆಯ ಜೊತೆಗೇ ಪುಡಿಯನ್ನೂ ಸೇವಿಸುವವರು ತಮ್ಮ ವೈದ್ಯರಿಗೆ ತಿಳಿಸಿಯೇ ಸೇವಿಸಬೇಕು.

ಇದಿಷ್ಟೇ ಅಲ್ಲ, ಕಾನೂನಿನ ಮಾತೂ ಇದೆ. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯು ಕೆಲವು ರೋಗಗಳನ್ನು ಪಟ್ಟಿಮಾಡಿ, ಅವುಗಳನ್ನು ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು ನಿಷೇಧಿಸಿದೆ. ಮಧುಮೇಹ ಆ ಪಟ್ಟಿಯಲ್ಲಿದೆ. ಔಷಧಿ ಮಾರುವವನು ಡಬ್ಬಿಯ ಮೇಲೆ ಬರೆಯಬಾರದೆಂದು ಕಾನೂನು ಹೇಳುವ ಮಾತನ್ನು ವಿದ್ಯೆ ಕಲಿಸುವ ನಾವು ಕಲ್ಲಿನ ಮೇಲೆ ಕೆತ್ತಿಸುವುದು ಸರಿಯೇ?

ಇದಕ್ಕೆ ಪ್ರತಿಯಾಗಿ ಕೆಲವರು ಹೇಳುವ ಮಾತನ್ನು ಬಲ್ಲೆ. “ಪಂಡಿತರು ಇಂಗ್ಲಿಷ್ ಔಷಧಿಯ ಪಕ್ಷ ಹಿಡಿದರು, ನಮ್ಮ ಪರಂಪರೆಯನ್ನು ಬಿಟ್ಟುಕೊಟ್ಟರು” ಎಂದಾರು. ಮರಕ್ಕೂ ಮಾತ್ರೆಗೂ ವೈರವಿದೆಯೆಂಬ ಭಾವನೆಯೇ ತಪ್ಪು. ಇಂದು ಮಧುಮೇಹಿಗಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ಕೊಡುವ ಮಾತ್ರೆ ಮೆಟ್‌ಫಾರ್ಮಿನ್. ಅದರ ಮೂಲವನ್ನು ಹುಡುಕುತ್ತ ಹೋದರೆ ಸಿಗುವುದು ಯುರೋಪಿನ ಹಳ್ಳಿಗಳ ಗೆಲೆಗಾ ಎಂಬ ಒಂದು ಗಿಡ. ಆ ಗಿಡದ ಸತ್ವವನ್ನು ತೆಗೆದು, ಅದರಲ್ಲಿದ್ದ ವಿಷವನ್ನು ಗುರುತಿಸಿ, ಅದನ್ನು ಹೋಲುವ ನಿರಪಾಯಕರ ಪದಾರ್ಥಗಳನ್ನು ಹುಡುಕಿ, ಫ್ರಾನ್ಸಿನ ವೈದ್ಯ ಝಾನ್ ಸ್ಟರ್ನ್ 1957ರಲ್ಲಿ ರೋಗಿಗಳ ಮೇಲಿನ ಅನುಭವವನ್ನು ಪ್ರಕಟಿಸಿದ. ಅಜ್ಜಿಯ ಗಿಡಕ್ಕೂ ಔಷಧಾಲಯದ ಮಾತ್ರೆಗೂ ನಡುವೆ ಇರುವುದು ದೀರ್ಘವಾದ ಪರೀಕ್ಷೆಯ ದಾರಿ. ನೇರಳೆ ಆ ದಾರಿಯಲ್ಲಿ ಇನ್ನೂ ನಡೆಯುತ್ತಿದೆ. ತಲುಪಿತೆಂದು ನಾವು ಮೊದಲೇ ಡಂಗುರ ಹೊಡೆದರೆ ನೇರಳೆಗೆ ಗೌರವ ಬರುವುದಿಲ್ಲ.

ಪರಂಪರೆಯನ್ನು ಬಿಟ್ಟುಕೊಟ್ಟವರಾರು ಎಂಬುದನ್ನೂ ವಿಚಾರಮಾಡೋಣ. ಪ್ರಮೇಹ ಬರುವುದೇಕೆಂದು ಚರಕ ಹೇಳಿದ್ದಾನೆ. ಕುಳಿತಲ್ಲೇ ಕುಳಿತಿರುವ ಸುಖ, ಮಲಗಿರುವ ಸುಖ, ಮೊಸರು, ಹೊಸ ಧಾನ್ಯ, ಬೆಲ್ಲದ ತಿನಿಸುಗಳ ಅತಿಸೇವನೆ, ಇವು ಕಾರಣ. ಸುಶ್ರುತನ ಚಿಕಿತ್ಸೆ ಇನ್ನೂ ಕಠಿಣ. ರೋಗಿಯು ಕೊಡೆಯಿಲ್ಲದೆ, ಪಾದರಕ್ಷೆಯಿಲ್ಲದೆ ನೂರು ಯೋಜನ ನಡೆಯಬೇಕು, ಇಲ್ಲವೇ ಬಾವಿ ತೋಡಬೇಕು ಎನ್ನುತ್ತಾನೆ. ಬರಿಗಾಲಿನ ಮಾತನ್ನು ಇಂದು ಒಪ್ಪಲಾಗದು. ಮಧುಮೇಹಿಗೆ ಪಾದದ ರಕ್ಷಣೆಯೇ ಮುಖ್ಯವೆಂಬುದನ್ನು ನನ್ನ ಸ್ನೇಹಿತರ ಕಥೆಯೇ ಹೇಳುತ್ತದೆ. ಆದರೆ ಶ್ರಮವೇ ಮದ್ದು ಎಂಬ ತತ್ತ್ವವನ್ನು ಇಂದಿನ ವೈದ್ಯರೂ ಬೇರೆ ಮಾತಿನಲ್ಲಿ ಹೇಳುತ್ತಿದ್ದಾರೆ. ಬಸವಾದಿ ಶರಣರ ಕಾಯಕತತ್ತ್ವವನ್ನು ದಿನವೂ ಪ್ರಾರ್ಥನೆಯಲ್ಲಿ ನೆನೆಯುವ ನಮಗೆ ಈ ಚಿಕಿತ್ಸೆ ಎಲ್ಲರಿಗಿಂತ ಮೊದಲು ರುಚಿಸಬೇಕಿತ್ತು. ನಾವು ಮಾಡಿದುದೇನು? ನಡೆಯುವ ಶ್ಲೋಕವನ್ನು ಬಿಟ್ಟೆವು, ಸಿಹಿಯನ್ನು ಬಿಡುವ ಶ್ಲೋಕವನ್ನೂ ಬಿಟ್ಟೆವು, ಪುಡಿ ನುಂಗುವುದಕ್ಕೆ ಒದಗುವ ಅರ್ಧ ಶ್ಲೋಕವನ್ನು ಮಾತ್ರ ಹಿಡಿದುಕೊಂಡೆವು.

ಕನ್ನಡದಲ್ಲಿ ವೈದ್ಯವಿದ್ಯೆಗೆ ದೊಡ್ಡ ಪರಂಪರೆಯಿದೆ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಕರ್ಣಾಟಕ ಕಲ್ಯಾಣಕಾರಕವನ್ನು ಬರೆದ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜ ವಿಷವೈದ್ಯವನ್ನು ಕುರಿತು ಖಗೇಂದ್ರಮಣಿದರ್ಪಣವನ್ನು ರಚಿಸಿದ. ಶರಣರ ಸಮೂಹದಲ್ಲಿ ವೈದ್ಯವನ್ನೇ ಕಾಯಕವಾಗಿ ಕೈಕೊಂಡ ವೈದ್ಯ ಸಂಗಣ್ಣ ಇದ್ದ. ರೋಗ, ದೋಷ, ಕಾಲ, ಪಥ್ಯ ಎಲ್ಲವನ್ನೂ ನೋಡಿ ಔಷಧಿ ಕೊಡುವುದು ಇಂಥವರ ವಿದ್ಯೆ. ಒಂದು ಮರ, ಒಂದು ರೋಗ, ಒಂದು ಪದದ ಘೋಷಣೆ ಎಂಬುದು ಇಂದಿನ ಪೇಟೆಯ ಪದ್ಧತಿ. ಹಳೆಯದೆಂದು ನಾವು ಭ್ರಮಿಸಿರುವ ಎಷ್ಟೋ ಮಾತುಗಳು ನಿನ್ನೆ ಮೊನ್ನೆ ಹುಟ್ಟಿದವು.

ಮಿತಿಯನ್ನು ಅರಿಯಲು ಕೊಡಗಿನವರು ಬಹು ದೂರ ಹೋಗಬೇಕಿಲ್ಲ. ಆಷಾಢದ ಮಳೆಯ ನಡುವೆ ಬರುವ ಕಕ್ಕಡ ಮಾಸದ ಹದಿನೆಂಟನೆಯ ದಿನ ಈ ನಾಡಿನ ಮನೆಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿಗುಣಗಳು ಕೂಡುತ್ತವೆಂಬುದು ನಂಬಿಕೆ. ಕುದಿಸಿದ ಸೊಪ್ಪಿನ ರಸ ನೇರಳೆಯ ಬಣ್ಣವೇ ಆಗಿರುತ್ತದೆ. ಹದಿನೆಂಟರ ಲೆಕ್ಕವನ್ನು ಪ್ರಯೋಗಶಾಲೆ ಒಪ್ಪೀತೋ ಬಿಟ್ಟೀತೋ, ಅದು ಬೇರೆ ಮಾತು. ಹಿರಿಯರ ನಡವಳಿಕೆಯನ್ನು ಗಮನಿಸಿರಿ. ಗಿಡ ಇಂಥದೇ ಆಗಬೇಕು, ಕಾಲ ಇದೇ ಆಗಬೇಕು, ಮನೆಯವರೆಲ್ಲ ಕೂತು ತಿನ್ನಬೇಕು. ಒಳ್ಳೆಯದೆಂದು ವರ್ಷವಿಡೀ ಕುಡಿಯುವ ಪದ್ಧತಿಯನ್ನು ಅವರು ಬೆಳೆಸಲಿಲ್ಲ. ಇದನ್ನು ತಿಂದೆವೆಂದು ಜ್ವರ ಬಂದಾಗ ವೈದ್ಯರ ಬಳಿಗೆ ಹೋಗದೆ ಇರಲೂ ಇಲ್ಲ.

ಹಾಗಾದರೆ ನೇರಳೆಯ ಬುಡದಲ್ಲಿ ಫಲಕವೇ ಬೇಡವೇ? ಅವಶ್ಯವಾಗಿ ಬೇಕು. ಈ ಮರವನ್ನು ಉಳಿಸಿಕೊಳ್ಳಲು ಮಧುಮೇಹದ ನೆವವೇ ಬೇಕೆಂದಿಲ್ಲ. ಮಾಗಿದ ಹಣ್ಣಿಗೆ ಮಂಗಟ್ಟೆ, ಬಾವಲಿ, ಕಬ್ಬೆಕ್ಕುಗಳು ಬರುತ್ತವೆ. ಹೂವಿಗೆ ಜೇನು ಬರುತ್ತದೆ. ಆ ಜೇನೇ ಕಾಫಿಯ ಹೂವಿಗೂ ಬೇಕು. ಹಲಸು, ನಂದಿ, ಮತ್ತಿಗಳಂತೆ ನೇರಳೆಯೂ ನಮ್ಮ ಕಾಫಿ ತೋಟಗಳ ಹಳೆಯ ನೆರಳಿನ ಮರ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಡಿದು ಮಾರಬಹುದು ಎಂದು ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಆ ಜಾಗವನ್ನು ಆಕ್ರಮಿಸುತ್ತಿದೆ. ಬೆಳೆಗಾರರ ಕಷ್ಟವನ್ನು ಬಲ್ಲೆ, ಅವರನ್ನು ದೂರುವುದಿಲ್ಲ. ಆದರೆ ಒಂದೊಂದು ತೋಟದಲ್ಲಿ ಹತ್ತು ನೇರಳೆ ಉಳಿದರೆ, ಅವು ಚಿಗುರು, ತೊಗಟೆ, ಹಣ್ಣು ಕೊಟ್ಟು ನಾವು ಕೇಳಿದ್ದಕ್ಕಿಂತ ಹೆಚ್ಚನ್ನೇ ಕೊಡುತ್ತವೆ. ಸುಳ್ಳು ಕಾರಣ ಹೇಳಿ ಉಳಿಸಿದ ಮರಕ್ಕೆ ಆ ಸುಳ್ಳು ಬಯಲಾದ ದಿನ ಕೊಡಲಿ ಬೀಳುತ್ತದೆ. ನಿಜ ಹೇಳಿ ಉಳಿಸಿದರೆ ಅದು ನಿಂತೀತು.

ಆದ್ದರಿಂದ ನನ್ನ ಸಲಹೆಗಳು ಮೂರು. ಮೊದಲನೆಯದು, ಔಷಧಿವನದ ಪ್ರತಿಯೊಂದು ಫಲಕದಲ್ಲಿಯೂ ಉಪಯೋಗದ ಪಕ್ಕದಲ್ಲಿಯೇ ಎಚ್ಚರಿಕೆಯೂ ಇರಲಿ. ಆಯುರ್ವೇದ ವೈದ್ಯರೊಬ್ಬರೂ ಆಸ್ಪತ್ರೆಯ ವೈದ್ಯರೊಬ್ಬರೂ ನೋಡಿ ಒಪ್ಪಿದ ಮೇಲೆಯೇ ಅದನ್ನು ಕೆತ್ತಿಸೋಣ. ಎರಡನೆಯದು, ಎಂಟು ಮತ್ತು ಒಂಬತ್ತನೆಯ ತರಗತಿಗಳ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರಿಂದ ಮನೆಮದ್ದುಗಳನ್ನು ಕೇಳಿ ಬರೆದುಕೊಳ್ಳಲಿ. ಗಿಡದ ಹೆಸರು, ಬಳಸುವ ಭಾಗ, ಮಾಡುವ ಕ್ರಮ, ಅಳತೆ, ಯಾರಿಗೆ ಕೊಡಬಾರದು, ಹೇಳಿದವರು ಯಾರು, ಇಷ್ಟೂ ಇರಲಿ. ಹಿರಿಯರು ಒಬ್ಬೊಬ್ಬರಾಗಿ ಅಗಲುತ್ತಿದ್ದಾರೆ. ಕೇಳದೆ ಬಿಟ್ಟರೆ ಈ ತಿಳಿವಳಿಕೆ ಅವರೊಡನೆಯೇ ಹೋಗುತ್ತದೆ. ಬರೆದಿಡುವುದು ಬೇರೆ, ಬಳಸಿರೆಂದು ಸಾರುವುದು ಬೇರೆ ಎಂಬ ಭೇದವನ್ನು ಮಕ್ಕಳು ಆ ಪುಸ್ತಕದಿಂದಲೇ ಕಲಿಯಲಿ. ಮೂರನೆಯದು, ತೋಟಗಳುಳ್ಳ ಹಳೆಯ ವಿದ್ಯಾರ್ಥಿಗಳು ತಮ್ಮಲ್ಲಿರುವ ನಾಡಿನ ಮರಗಳನ್ನು ಉಳಿಸಿಕೊಳ್ಳಲಿ.

ಫಲಕಕ್ಕೆ ನಾನು ಬರೆದುಕೊಟ್ಟಿರುವ ಒಕ್ಕಣೆ ಹೀಗಿದೆ. “ನೇರಳೆ. ಸಂಸ್ಕೃತದಲ್ಲಿ ಜಂಬೂ. ಒಗರು ಇದರ ಗುಣ. ಚಿಗುರನ್ನು ವಾಂತಿ, ಭೇದಿಗಳಿಗೆ, ತೊಗಟೆಯ ಕಷಾಯವನ್ನು ಬಾಯಿಹುಣ್ಣಿಗೆ ಹಿರಿಯರು ಬಳಸುತ್ತಿದ್ದರು. ಭೇದಿಯಾದವರಿಗೆ ಮೊದಲು ಓಆರ್‌ಎಸ್ ನೀರು ಕುಡಿಸಿರಿ. ಬೀಜವನ್ನು ಮಧುಮೇಹಕ್ಕೆ ಕೊಡುವ ರೂಢಿಯಿದೆ. ಅದರಿಂದ ರೋಗ ಗುಣವಾಗುತ್ತದೆಂದು ಸಿದ್ಧವಾಗಿಲ್ಲ. ವೈದ್ಯರು ಕೊಟ್ಟ ಔಷಧಿಯನ್ನು ಬಿಡಬೇಡಿರಿ. ಹಣ್ಣು ತಿನ್ನಿರಿ, ಮರ ಬೆಳೆಸಿರಿ.” ರಾಮಬಾಣದಷ್ಟು ಇದು ಕಿವಿಗೆ ಇಂಪಾಗಿಲ್ಲವೆಂದು ಬಲ್ಲೆ. ಮೊನ್ನೆ ನನ್ನ ಸ್ನೇಹಿತರಾದ ಗಣಿತದ ಉಪಾಧ್ಯಾಯರಿಗೆ ಇದನ್ನು ಓದಿ ಹೇಳಿದೆ. ಎರಡು ಬಾರಿ ಓದಿಸಿ ಕೇಳಿ, “ಔಷಧಿ ಬಿಡಬೇಡಿರಿ ಎಂಬ ಸಾಲನ್ನು ಮೇಲಕ್ಕೆ ತನ್ನಿ ಪಂಡಿತರೇ. ಕೆಳಗಿನ ಸಾಲನ್ನು ಯಾರೂ ಓದುವುದಿಲ್ಲ,” ಎಂದರು.

ಹಾಗೆಯೇ ತಿದ್ದಿ ಕೊಟ್ಟಿದ್ದೇನೆ. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಇದನ್ನು ಒಪ್ಪಿಕೊಳ್ಳಬೇಕೆಂದು ಬೇಡುತ್ತೇನೆ.